ನನ್ನ ಸಹಿಯ ಮೇಲೆ ಹರಿದ ಕರೆಂಟು

ಸಹಿ ಹಾಕುವುದರಲ್ಲಿ ಒಂದು ಸುಖವಿದೆ. ಮನೆಯಲ್ಲಿ ಸಹಿ ನೋಡುತ್ತಲೇ ಬೆಳೆದವರಿಗೆ ಅದು ತಿಳಿಯಲಿಕ್ಕಿಲ್ಲ. ನಮ್ಮಪ್ಪ ಕುರಿ ಕಾಯ್ದವನು, ಅವ್ವ ಹೆಬ್ಬೆಟ್ಟಿನವಳು. ನಮ್ಮ ವಂಶದ ಮೊದಲ ಸಹಿ ನನ್ನದೇ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲಕ್ಕೆ ಬಿ.ಎ. ಆದ ವಾರವೇ ರಾಯಚೂರಿನಲ್ಲಿ ಒಂದು ರಬ್ಬರ್ ಶಿಕ್ಕಾ ಮಾಡಿಸಿದೆ. ಹೆಸರು, ಅದರ ಮುಂದೆ ಬಿ.ಎ. ಮಾಸ್ತರನಾಗಿ ಊರಿಗೆ ಬಂದ ಮೇಲೆ ಅದನ್ನು ಎಲ್ಲಿ ಒತ್ತಬೇಕೆಂಬುದೇ ಚಿಂತೆ. ಮನೆಯ ಪುಸ್ತಕಗಳೆಲ್ಲ ಮುಗಿದು ಗೋಡೆಯ ಕ್ಯಾಲೆಂಡರಿಗೂ ಒತ್ತಿಯಾಗಿತ್ತು.

ಆ ಚಿಂತೆ ದೂರ ಮಾಡಿದವನು ಲೈನ್‌ಮನ್ ಹನುಮಂತ. ಎಪ್ಪತ್ತರ ದಶಕದ ಮಾತು; ಪೋತ್ನಾಳದ ಆಚೆಗಿನ ನಮ್ಮ ಹಳ್ಳಿಗೆ ಆಗತಾನೇ ಕರೆಂಟು ಬಂದಿತ್ತು. ತಿಂಗಳ ಕೊನೆಗೆ ಹನುಮಂತ ಸೈಕಲ್ ಮೇಲೆ ಬಂದು ಒಂದು ಇಂಗ್ಲಿಷ್ ಫಾರ್ಮು ಚಾಚುತ್ತಿದ್ದ. “ನನಗ ಇಂಗ್ಲಿಷ್ ಎಲ್ಲಿ ಬರ್ತದರೀ ಸರ? ಊರಾಗಿನ ಜವಾಬ್ದಾರಿ ಮನುಷ್ಯಾನ ಸಹಿ ಬೇಕಂತ.” ಜವಾಬ್ದಾರಿ ಮನುಷ್ಯ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಕಣ್ಣು ಕೆಲಸ ಮಾಡುವುದಿಲ್ಲ. ಸಹಿ ಹಾಕಿ, ಶಿಕ್ಕಾ ಒತ್ತಿ, ಮಸಿ ಆರುವವರೆಗೆ ಊದಿ ಕೊಡುತ್ತಿದ್ದೆ. ಮೇಲೆ ಅವನಿಗೆ ಚಹಾ ಬೇರೆ.

ಒಂದು ಬೇಸಿಗೆ ಊರಿನ ಟ್ರಾನ್ಸ್‌ಫಾರ್ಮರು, ನಮ್ಮ ಕಡೆ ಅದಕ್ಕೆ ಟಿ.ಸಿ. ಅನ್ನುತ್ತಾರೆ, ಢಬ್ಬೆಂದು ಸುಟ್ಟಿತು. ದೀಪ ಹೋದದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇದ್ದಾಗಲೂ ಅದು ಅಷ್ಟಕ್ಕಷ್ಟೇ ಇತ್ತು. ಆದರೆ ಕುಡಿಯುವ ನೀರಿನ ಮೋಟರು ನಿಂತಿತು. ಅರವತ್ತು ದಾಟಿದ ಅವ್ವ ಎರಡು ಮೈಲಿ ಆಚೆಯ ಕಾಲುವೆಯಿಂದ ಕೊಡ ಹೊರತೊಡಗಿದಳು. ನಾನು ಕೊಡ ಹೊತ್ತರೆ ಬಿ.ಎ.ಗೆ ಅವಮಾನವೆಂದು ಸುಮ್ಮನಿದ್ದೆ. ಹನ್ನೆರಡನೆಯ ದಿನ ಅವಳು ಕೊಡ ಇಳಿಸಿ, “ಲೇ ತಮ್ಮಾ, ಅಷ್ಟು ಓದೀದಿ, ಹೋಗಿ ಒಂದು ಮಾತು ಕೇಳಿ ಬರಬಾರದೇನು?” ಎಂದಳು.

ಕರೆಂಟ್ ಆಫೀಸಿಗೆ ಸಿಟ್ಟಿನಿಂದಲೇ ಹೋದೆ. ಹೆಸರು ಹೇಳುತ್ತಲೇ ಗುಮಾಸ್ತ ಎದ್ದು ನಿಂತ. “ಓಹೋ, ನೀವೇ ಏನ್ರೀ! ಬರ್ರಿ, ಬರ್ರಿ!” ಜವಾನ ಕುರ್ಚಿ ಒರೆಸಿದ. ಒಳಗಿದ್ದ ಸಾಹೇಬರು ಕೈ ಕುಲುಕಿದರು. ನನಗೆ ಪೂರಾ ಗಲಿಬಿಲಿ. ನಾನು ಬಿ.ಎ. ಆದ ಸುದ್ದಿ ಇಲ್ಲಿಯವರೆಗೂ ಮುಟ್ಟಿತೇ? ಸಿಟ್ಟು ಅರ್ಧ ಇಳಿಯಿತು. ಚಹಾ ಬಂದಾಗ ಉಳಿದ ಅರ್ಧವೂ ಇಳಿಯಿತು. ಕಪ್ಪು ಖಾಲಿಯಾದ ಮೇಲೆ ಅವ್ವನ ಕೊಡ ನೆನಪಾಗಿ, “ಸಾಹೇಬ್ರ, ನಮ್ಮೂರ ಟಿ.ಸಿ. ಸುಟ್ಟದರೀ” ಎಂದೆ.

“ನಿಮ್ಮೂರಾಗ?” ಸಾಹೇಬರು ನಕ್ಕರು. “ಲೈನ್‌ಮನ್ನೂ ಬಾಯಿಲೆ ಹಂಗ ಏನೋ ಅಂದಿದ್ದ. ಬಿ.ಎ. ಆದವ್ರು ಬರದು ಕೊಟ್ಟ ಮ್ಯಾಲ ಅವನ ಮಾತು ಹ್ಯಾಂಗ ನಂಬೂದ್ರೀ? ಇದ್ದದ್ದೊಂದು ಟಿ.ಸಿ. ತಕರಾರು ಬಂದ ಊರಿಗೆ ಕೊಟ್ಟಿವಿ.” ಫೈಲು ತೆರೆದರು. ಹದಿನಾಲ್ಕು ಫಾರ್ಮು, ಹದಿನಾಲ್ಕು ಶಿಕ್ಕಾ. ಕನ್ನಡ ಮಾಡಿ ಓದಿದರು: ಈ ತಿಂಗಳು ವಿದ್ಯುತ್ತು ಒಂದು ಗಳಿಗೆಯೂ ನಿಂತಿಲ್ಲ, ಊರವರ ದೂರು ಏನೂ ಇಲ್ಲ. ಕೊನೆಯದು ಟಿ.ಸಿ. ಸುಟ್ಟ ಮೂರನೆಯ ದಿನದ್ದು. ಎಲ್ಲಕ್ಕಿಂತ ಚೆಂದಾಗಿ ಮೂಡಿದ್ದ ಸಹಿ ಅದೇ.

“ಈಗ ನೀವು ಹೇಳೂದು ಖರೇನೋ, ಬರದದ್ದು ಖರೇನೋ?” ಪಾಪ, ಅವರಿಗೂ ಗೊಂದಲ. ಸುಳ್ಳ ಅನ್ನಿಸಿಕೊಳ್ಳುವುದು ಮೇಲೋ, ದಡ್ಡ ಅನ್ನಿಸಿಕೊಳ್ಳುವುದು ಮೇಲೋ ಎಂದು ತಿಳಿಯದೆ, “ನಾ ಓದಿಲ್ಲರೀ” ಎಂದುಬಿಟ್ಟೆ.

ಸಾಹೇಬರು ಶಿಕ್ಕಾದ ಮೇಲೆ ಬೆರಳಿಟ್ಟರು. “ಇಲ್ಲಿ ಬಿ.ಎ. ಅಂತ ಅದಲ್ರೀ?”

ಕೊನೆಗೆ, ಊರವರೆಲ್ಲ ಸೇರಿ ದೂರು ಬರೆದು ಕೊಡಿ ಎಂದರು. ಮುಂದೆ ಒಂಬತ್ತು ದಿನದೊಳಗೆ ಟಿ.ಸಿ. ತಂದ ಅರ್ಜಿ ಅದೇ ಆದ್ದರಿಂದ, ಅದು ಹೇಗೆ ತಯಾರಾಯಿತು ಎಂಬುದನ್ನು ಮುಚ್ಚಿಡಬಾರದು. ಮನೆಗೆ ಬಂದು ಆಫೀಸಿನಲ್ಲಿ ಆದದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆದು ಅವಳ ಮುಂದೆ ಮಸಿ ಹಿಡಿದೆ. ಅವಳು ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಮೊದ್ಲು ಓದಿ ಹೇಳು.”

ಓದಿದೆ. ಎರಡು ಮೈಲಿ ಎಂಬಲ್ಲಿ ತಡೆದಳು. “ಹೋಗೂದು ಎರಡು, ಬರೂದು ಎರಡು. ನಾಕು ಅಂತ ಬರಿ.” ತಿದ್ದಿದೆ. ಇನ್ನೊಮ್ಮೆ ಓದಿಸಿಕೊಂಡು ಆಮೇಲೆ ಒತ್ತಿದಳು. ಅದರ ಕೆಳಗೆ ಓಣಿಯ ಹೆಬ್ಬೆಟ್ಟುಗಳೆಲ್ಲ ಸಾಲಾಗಿ ಬಿದ್ದವು. ಎಲ್ಲರದೂ ಮುಗಿದ ಮೇಲೆ ನಾನು ಸಹಿ ಹಾಕಿ, ರೂಢಿಯಂತೆ ಶಿಕ್ಕಾ ಎತ್ತಿದೆ. ಅವ್ವ ನನ್ನ ಕೈ ಹಿಡಿದಳು.

“ಅದೊಂದು ಒತ್ತಬ್ಯಾಡಪಾ. ಓದದೇ ಒತ್ತ್ಯಾರ ಅಂತ ತಿಳ್ಕೊಂತಾರ.”