ಡಾಕ್ಟರರ ಮೂಗು, ಅಜ್ಜಿಯ ಉಪ್ಪುನೀರು

ಕಂಪೌಂಡರನ ಬದುಕಿನಲ್ಲಿ ನಗೆಪಾಟಲು ಯಾವತ್ತೂ ರಜೆ ಹಾಕುವುದಿಲ್ಲ. ಹಿಂದಿನ ಮಹಾಯುದ್ಧ ಮುಗಿಯುವ ಹೊತ್ತಿಗೆ ಮಂಗಳೂರಿಗೆ ಇನ್‌ಫ್ಲುಯೆಂಜಾ ಬಂತು. ಓಣಿ ಓಣಿಯಲ್ಲಿ ಸಾವು. ನನಗೂ ಹೆದರಿಕೆಯಿತ್ತು. ಆದರೂ ಆ ದಿನಗಳನ್ನು ನೆನೆದರೆ ನಗು ಬರುತ್ತದೆ, ಏನು ಮಾಡಲಿ?

೧. ಅಪ್ಪಣೆ

ನಮ್ಮ ದೊಡ್ಡ ಡಾಕ್ಟರರು ಮೇಜಿನ ಹಿಂದೆ ಕೂತೇ ರೋಗ ಓಡಿಸುವವರು. ನನ್ನನ್ನು ಕರೆದು, "ಬಂದರಿನ ಜನರಿಗೆ ಉಪ್ಪುನೀರಿನಲ್ಲಿ ಮೂಗು ತೊಳೆಯಲು ಕಲಿಸು. ಹದಿನೈದು ದಿನ ಬಿಟ್ಟು ನಾನೇ ಬಂದು ನೋಡ್ತೇನೆ. ಕಲಿತಿದ್ದರೆ ನಿನ್ನ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ ಹೋಗು" ಅಂದರು.

ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಹೊರಡುವಾಗ ಸುಮ್ಮನೆ ಕೇಳಿದೆ, "ನೀವೂ ತೊಳೀತೀರಾ ಸರ್?"

"ನನಗೆ ಯಾಕೆ? ನಾನು ಡಾಕ್ಟರ್!"

೨. ಕಲಿಸಲಾಯಿತು

ಮೊದಲು ಹೋದದ್ದು ಬಂದರಿನ ಬ್ಯಾರಿ ವ್ಯಾಪಾರಿಯೊಬ್ಬರ ಅಂಗಡಿಗೆ. ಮೂಗು ತೊಳೆಯುವುದರ ಮಹಿಮೆಯನ್ನು ಅರ್ಧ ಗಂಟೆ ಕೊರೆದೆ. ಅವರು ತಾಳ್ಮೆಯಿಂದ ಕೇಳಿ, "ನಾವು ನಮಾಜಿಗೆ ಮೊದಲು ದಿನಕ್ಕೆ ಐದು ಸಲ ಮೂಗಿಗೆ ನೀರು ಹಾಕಿ ತೊಳೀತೇವೆ ಮಾರಾಯ. ನೀವು ಎಷ್ಟು ಸಲ?" ಎಂದರು.

ನಾನು ಒಂದು ಸಲವೂ ತೊಳೆದಿರಲಿಲ್ಲ. ಅವರೇ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ತೋರಿಸಿದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಕಲಿಸಲಾಯಿತು" ಎಂದು ಬರೆದೆ. ಯಾರು ಯಾರಿಗೆ ಎಂಬ ಕಾಲಂ ಇರಲಿಲ್ಲ.

೩. ಎರಡು ಭರಣಿ

ಪಕ್ಕದ ಓಣಿಗೆ ಒಬ್ಬ ಅಜ್ಜಿಯ ಮಾತೇ ಮಾತು. "ಮನೆಯಲ್ಲಿ ಉಪ್ಪುನೀರು ಉಂಟಾ ಅಜ್ಜಿ?" ಎಂದು ಕೇಳಿದೆ.

"ಎಂತ ಕೇಳ್ತೀಯಾ! ಉಪ್ಪುನೀರಿಲ್ಲದ ಮನೆ ಉಂಟಾ? ಎರಡು ಭರಣಿ ಉಂಟು."

ಇಷ್ಟು ಮುಂದಾಲೋಚನೆಯ ಹೆಂಗಸನ್ನು ನಾನು ಕಂಡಿರಲಿಲ್ಲ. "ಹಾಗಾದರೆ ಅದರಲ್ಲಿ ಮೂಗು ತೊಳೆಯಿರಿ" ಎಂದೆ.

"ಮೊದಲು ನಿಮ್ಮ ದೊಡ್ಡ ಡಾಕ್ಟರು ತೊಳೆಯಲಿ, ಮತ್ತೆ ನೋಡುವ."

ಹೀಗೆ ನನ್ನ ಕೆಲಸ ಡಾಕ್ಟರರ ಮೂಗಿನ ಮೇಲೆ ಬಂದು ನಿಂತಿತು.

೪. ಸಾಹೇಬರ ಕಣ್ಣೀರು

ಹೇಳಿದ ದಿನ ಡಾಕ್ಟರರು ಬಂದರು. ಅಜ್ಜಿಯ ಅಂಗಳದಲ್ಲಿ ಇಡೀ ಓಣಿ ನೆರೆದಿತ್ತು. ಅಜ್ಜಿ ಫಳಫಳ ಬೆಳಗಿದ ಗಿಂಡಿಯನ್ನು ಮುಂದೆ ಹಿಡಿದು, "ನೀವು ತೊಳೆದರೆ ನಾವೆಲ್ಲ ತೊಳೀತೇವೆ" ಅಂದರು. ಅಷ್ಟು ಜನರೆದುರು ತಪ್ಪಿಸಿಕೊಳ್ಳುವುದು ಹೇಗೆ? ಡಾಕ್ಟರರು ತಲೆ ವಾಲಿಸಿ, ಗಿಂಡಿಯ ಮೂತಿಯನ್ನು ಮೂಗಿಗಿಟ್ಟು ಸುರಿದುಕೊಂಡರು.

ಒಂದೇ ಕೂಗು! ತುಳಸಿಕಟ್ಟೆಗೆ ಎರಡು ಸುತ್ತು ಬಂದರು. ಕಣ್ಣಲ್ಲಿ ಧಾರಾಕಾರ ನೀರು. ನಾನು ಗಿಂಡಿ ಮೂಸಿ ನೋಡಿದೆ. ಗಾಂಧಾರಿ ಮೆಣಸು ಹಾಕಿ ಮಾವಿನಕಾಯಿ ಮುಳುಗಿಸಿಟ್ಟ ಭರಣಿಯ ನೀರು! ನಮ್ಮ ಕಡೆಯ ಅಡಿಗೆಮನೆಯಲ್ಲಿ ಉಪ್ಪುನೀರು ಅಂದರೆ ಅದೇ. ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಎಂದು ನಾನು ಬಿಡಿಸಿ ಹೇಳಿಯೇ ಇರಲಿಲ್ಲ. ಕೆಲಸ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಗುಂಪಿನಲ್ಲೊಬ್ಬಳು, "ಅಯ್ಯೋ, ನಮ್ಮಲ್ಲಿ ಸತ್ತವರನ್ನು ನೆನೆದು ಸಾಹೇಬರು ಅಳ್ತಾ ಇದ್ದಾರೆ!" ಎಂದಳು. ಜನ ಕೈಮುಗಿದರು. ಡಾಕ್ಟರರು ಒಂದು ಕಣ್ಣು ತೆರೆದು ಅದನ್ನು ನೋಡಿದರು. ಉರಿ ಇಳಿದ ಮೇಲೂ ಸ್ವಲ್ಪ ಹೊತ್ತು ಅತ್ತರು. ಹೋಗುವಾಗ ನನ್ನ ಕಿವಿಯಲ್ಲಿ, "ಬಾಯಿ ಮುಚ್ಚಿಕೊಂಡಿದ್ದರೆ ಖಾಯಂ" ಅಂದರು.

ನಾನು ಕೂಡಲೇ ಅಜ್ಜಿಗೆ ಸರಿಯಾದ ಉಪ್ಪುನೀರು ಮಾಡುವ ಕ್ರಮ ಹೇಳಿಕೊಟ್ಟೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ಚಿಂತೆಯಿಂದ ಕೇಳಿದರು:

"ಅದೆಲ್ಲ ಸರಿ ಮಾರಾಯ, ತೊಳೆದ ಮೇಲೆ ಎಷ್ಟು ಹೊತ್ತು ಅಳಬೇಕು?"