ಭಾವನ ಮನೆಯ ಗುಂಯ್

ಹೊಳೆನರಸೀಪುರದ ನಮ್ಮ ಭಾವನ ಮನೆಗೆ ಹೋಗುವವರಿಗೆಲ್ಲ ನಾನು ಮೊದಲೇ ಒಂದು ಮಾತು ಹೇಳಿ ಕಳಿಸುತ್ತೇನೆ: ಅಲ್ಲಿ ಉಸಿರಾಡಬಹುದು, ಆದರೆ ಸದ್ದು ಮಾಡಿ ಉಸಿರಾಡಬಾರದು. ಭಾವನದು ತೆಂಗಿನಕಾಯಿ ಮಂಡಿ. ಹಗಲೆಲ್ಲ ಲಾರಿ, ಕೂಗಾಟ, ಚೌಕಾಸಿ. ಸಂಜೆ ಮನೆಗೆ ಬಂದು ಸ್ಟೀರಿಯೋ ಮುಂದೆ ಕೂತರೋ, ಸೊಳ್ಳೆ ಹಾರಿದರೂ ಅದರ ಕಡೆ ತಿರುಗಿ ಕಣ್ಣು ಬಿಡುತ್ತಾರೆ. ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಎಳನೀರು ಇಳಿಸಲು ಹೋಗಿ, ಗಾಡಿ ಖಾಲಿಯಾದ ಮೇಲೂ ಏಳದೆ ಕೂತು ಕಚೇರಿ ಕೇಳಿದ ಮನುಷ್ಯ. ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಈಚೆಗೆ ಒಂದು ದಿನ ಅವರ ಫೋನು ಬಂತು.

"ಲೇ, ಬೇಗ ಬಾರ್ಲಾ. ಮನೇಲಿ ಒಂದೇ ಸಮ ಗುಂಯ್ ಅಂತೈತೆ."

ಹೆಜ್ಜೇನೇ ಇರಬೇಕು ಎಂದುಕೊಂಡೆ. ಅರಕಲಗೂಡಿನಲ್ಲಿ ಸಿಕ್ಕಿದ ಬಸ್ಸು ಹತ್ತಿದೆ, ಕಂಕುಳಲ್ಲಿ ದಪ್ಪ ಕಂಬಳಿ ಸಮೇತ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಕಂಬ್ಳಿ ಯಾತಕ್ಲಾ?"

"ಜೇನು ಎಲ್ಲಿ ಕಟ್ಟೈತೆ?"

"ಅಲ್ನೋಡು, ನಿಮ್ ಭಾವನ ಒಸಾ ಪೆಟ್ಗೇಲಿ."

ಹೊಸ ಪೆಟ್ಟಿಗೆ ಎಂದರೆ ಪ್ರೀ-ಆಂಪ್ಲಿಫೈಯರು. ಹಾಡುವ ಯಂತ್ರಕ್ಕೂ ದೊಡ್ಡ ಆಂಪ್ಲಿಫೈಯರಿಗೂ ನಡುವೆ ಕೂತು, ದನಿಯನ್ನು ಅಳೆದು ತೂಗಿ ಮುಂದಕ್ಕೆ ದಾಟಿಸುವಂಥದ್ದು. ಮಂಡಿಯ ಭಾಷೆಯಲ್ಲಿ ಹೇಳಬೇಕೆಂದರೆ ದಲ್ಲಾಳಿ. ಹಳೆಯದು ಚೆನ್ನಾಗಿಯೇ ಇತ್ತು. ಅದನ್ನು ತೆಗೆದು ಇದನ್ನು ಕೂರಿಸಿದ್ದೇ ತಡ, ಸ್ಪೀಕರುಗಳೆರಡೂ ಗುಂಯ್‌ಗುಡಲು ಹತ್ತಿದ್ದವು.

ಭಾವನಿಗೆ ಮೊದಲು ಫ್ರಿಜ್ಜಿನ ಮೇಲೆ ಗುಮಾನಿ. ಅದನ್ನು ಆರಿಸಿದರು. ಗುಂಯ್ ನಿಲ್ಲಲಿಲ್ಲ, ಹಾಲು ಒಡೆಯಿತು. ಆಮೇಲೆ ಪಕ್ಕದ ಮನೆಯ ಮೋಟರಿನ ಮೇಲೆ. ಹೇಳದೆ ಕೇಳದೆ ಅವರ ಹಿತ್ತಿಲಿಗೆ ಹೋಗಿ ಸ್ವಿಚ್ ಆರಿಸಿ ಬಂದರು. ಒಳಗೆ ನಿವೃತ್ತ ಮೇಷ್ಟ್ರು ಸ್ನಾನಕ್ಕೆ ಇಳಿದಿದ್ದಾರೆಂದು ಯಾರಿಗೆ ಗೊತ್ತು? ಮುಖದ ತುಂಬ ಸೋಪಿನ ನೊರೆ, ಸೊಂಟಕ್ಕೆ ಟವೆಲು, ಹಾಗೆಯೇ ಕಾಂಪೌಂಡಿಗೆ ಬಂದರು. ನಾನು ನಾಚಿ ನೆಲ ನೋಡಿದೆ. ಭಾವ ಮಾತ್ರ ಸಮಾಧಾನವಾಗಿ ಹೇಳಿದರು:

"ನಿಮ್ದಲ್ಲ ಬುಡಿ ಸಾ. ನಮ್ಮಲ್ಲಿನ್ನೂ ಗುಂಯ್ ಅಂತೈತೆ. ಓಗಿ ಸ್ನಾನ ಮಾಡಿ."

ಕೊನೆಗೆ ಹಾಸನದ ಯಾವನೋ ಪುಣ್ಯಾತ್ಮ ಫೋನಿನಲ್ಲಿ, "ಅರ್ತ್ ವೈರು ಕಿತ್ತಾಕಿ, ನಿಂತೋಯ್ತದೆ" ಎಂದ. ಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಕಿತ್ತೇಬಿಟ್ಟಿದ್ದರು. ಗುಂಯ್ ನಿಂತೇಹೋಯಿತು. ಭಾವ ಪೆಟ್ಟಿಗೆಗೆ ಕೈಮುಗಿದು ನಿಂತರು. ಅಷ್ಟರಲ್ಲಿ ಅಕ್ಕ ಧೂಳು ಒರೆಸಲು ಒದ್ದೆ ಬಟ್ಟೆ ತಂದು ಅದರ ಮೇಲೆ ಕೈ ಇಟ್ಟಳು. ಅಮ್ಮಾ ಎಂದವಳೇ ಹಿಂದಕ್ಕೆ ಸೋಫಾದ ಮೇಲೆ ಬಿದ್ದಳು.

ನಾನು ಓಡಿ ಮೇನ್ ಸ್ವಿಚ್ ಎಳೆದೆ. ಅಕ್ಕ ಎದ್ದು ಕೂತು ಕೈ ಉಜ್ಜಿಕೊಂಡು, "ಏನಾಗಿಲ್ಲ ಬುಡಿ, ಜುಂ ಅಂತು ಅಷ್ಟೆ" ಎಂದಳು. ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಕಿತ್ತ ವೈರನ್ನು ತಾವೇ ಮತ್ತೆ ಸೇರಿಸಿದರು. ನಾನು ಮೇನ್ ಸ್ವಿಚ್ ಹಾಕಿದೆ. ಗುಂಯ್ ವಾಪಸು ಬಂತು.

"ಅಂದ್ಕಳ್ಲಿ ಬುಡು" ಎಂದರು. "ಸಾಯೋಗಂಟ ಗುಂಯ್ ಅಂದ್ಕಳ್ಲಿ."

ಬೆಳಿಗ್ಗೆ ನಾನು ಏಳುವ ಹೊತ್ತಿಗೆ, ಅಕ್ಕನ ಕೈಗೆ ಸಿಗದಿರಲೆಂದು ವೈರುಗಳನ್ನೆಲ್ಲ ಎತ್ತಿ, ಗೋಡೆಯ ಮೇಲಿನ ಒಂದೇ ಬೋರ್ಡಿಗೆ ಸಿಕ್ಕಿಸುತ್ತಿದ್ದರು. ಸ್ವಿಚ್ ಹಾಕಿದರೆ ನಿಶ್ಶಬ್ದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿಯವರೆಗೆ ಹೊಸ ಪೆಟ್ಟಿಗೆ ಒಂದು ಬೋರ್ಡಿನಲ್ಲಿ, ಆಂಪ್ಲಿಫೈಯರು ಇನ್ನೊಂದರಲ್ಲಿ ಇದ್ದವು. ಎರಡು ದಾರಿಯಲ್ಲಿ ನೆಲ ಸೇರುತ್ತಿದ್ದ ಅರ್ತು ಎರಡರ ನಡುವೆಯೇ ಸುತ್ತು ಹೊಡೆದು ಗುಂಯ್‌ಗುಡುತ್ತಿತ್ತು, ಅಷ್ಟೆ. ಅದಕ್ಕಾಗಿ ಮೇಷ್ಟ್ರ ಮಾನ ಕಾಂಪೌಂಡಿಗೆ ಬಂದಿತ್ತು.

ಭಾವ ರುದ್ರಪಟ್ಟಣದಲ್ಲಿ ತಾವೇ ರೆಕಾರ್ಡ್ ಮಾಡಿಕೊಂಡು ಬಂದಿದ್ದ ಕಚೇರಿಯೊಂದನ್ನು ಹಾಕಿದರು. ಕೇಳಿದರೆ ಹಾಡೆಲ್ಲ ಎಡಕ್ಕೇ ವಾಲಿತ್ತು. ಪೆಟ್ಟಿಗೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ತಿರುಗುಣಿ. ಸರಿಮಾಡೋಣ ಎಂದು ಕೈ ಚಾಚಿದೆ. ಭಾವ ನನ್ನ ಮಣಿಕಟ್ಟು ಹಿಡಿದರು.

"ಅದ ಮುಟ್ಬ್ಯಾಡ ಕಣ್ಲಾ." ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮಕ್ಕುಂಗೆ ಎಡಗಿವಿ ಮಂದ ಆಗೈತೆ. ಯಾರ್ಗೂ ಏಳಿಲ್ಲ, ನಂಗೂ ಏಳಿಲ್ಲ. ಮಾತಾಡುಸ್ದಾಗೆಲ್ಲ ಬಲಗಿವೀನೇ ಮುಂದ್ ಮಾಡ್ತಾಳೆ. ಅಳೇ ಪೆಟ್ಗೇಲಿ ಎಡಾ ಬಲಾ ಬ್ಯಾರೆ ಮಾಡಕ್ಕಾಯ್ತಿರ್ನಿಲ್ಲ."

ಒಡಹುಟ್ಟಿದವನು ನಾನು, ನನಗೇ ತಿಳಿದಿರಲಿಲ್ಲ.

ಅಕ್ಕ ಕಾಫಿ ತಂದಿಟ್ಟು ತನ್ನ ಜಾಗದಲ್ಲಿ ಕೂತಳು. ಸ್ವಲ್ಪ ಹೊತ್ತು ಕೇಳಿ ಹುಬ್ಬೇರಿಸಿದಳು.

"ಏನಂದ್ರೆ, ಇದ್ರಲ್ಲಿ ತಂಬೂರಿ ಇತ್ತಾ? ಇಷ್ಟ್ ದಿನ ಕೇಳಿಸ್ತಾನೇ ಇರ್ನಿಲ್ವಲ್ಲ."

"ಅಳೇ ಪೆಟ್ಗೆ ಸರೀಗಿರ್ನಿಲ್ಲ ಕಣೆ" ಎಂದರು ಭಾವ. "ನಂಗೂ ಕೇಳಿಸ್ತಿರ್ನಿಲ್ಲ."