ನೀರು ಕುಡಿದ ಮೋಟಾರುಗಳು

ಮಳೆಗಾಲ ಮುಗಿದು ಹೊಳೆ ಇಳಿಯಿತೆಂದರೆ ಊರವರಿಗೆಲ್ಲ ನೆಮ್ಮದಿ. ನನ್ನ ಗೋಳು ಮಾತ್ರ ಆಗ ಶುರುವಾಗುತ್ತಿತ್ತು, ಅದೂ ಪ್ರತಿ ವರ್ಷ ತಪ್ಪದೆ. ಹುಬ್ಬಳ್ಳಿಯಲ್ಲಿದ್ದ ಒಂದು ಮೋಟಾರು ವಿಮಾ ಕಂಪನಿಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ಕಡೆ ಯಾವ ಮೋಟಾರು ನೀರು ಕುಡಿದರೂ ನಾನು ಹೋಗಿ ನೋಡಬೇಕು, ಕೆಟ್ಟಿದ್ದೇನು, ಹೇಗೆ ಕೆಟ್ಟಿತು ಎಂದು ವರದಿ ಬರೆಯಬೇಕು. ಆ ವರದಿಯಲ್ಲಿ ಹುಳುಕು ಹುಡುಕುವುದು ನಮ್ಮ ಮ್ಯಾನೇಜರ್ ಸಾಹೇಬರ ಕೆಲಸ. ಮುಂಬೈಯವರು. ಕೆಟ್ಟ ಮನುಷ್ಯರಲ್ಲ, ಆದರೆ ಹೊಳೆಯನ್ನು ರೈಲಿನ ಕಿಟಕಿಯಿಂದ ಮಾತ್ರ ನೋಡಿದವರು.

ನಮ್ಮಪ್ಪ ಸವಣೂರಿನಲ್ಲಿ ಪುರಾಣ ಹೇಳುತ್ತಿದ್ದವರು. "ಹೊಳಿ ಒಯ್ದದ್ದಕ್ಕ ಚೌಕಾಶಿ ಮಾಡೂ ಉದ್ಯೋಗ ಎಲ್ಲಿಂದ ಹುಡಿಕಿದ್ಯೋ?" ಎಂದು ನನ್ನನ್ನು ಕೇಳುತ್ತಿದ್ದರು. ಈ ಪ್ರಸಂಗಗಳನ್ನು ಹೇಳಿದಾಗ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತಲೇ ಶುರು ಮಾಡುತ್ತೇನೆ.

೧. ಕೆಸರಿಲ್ಲದ ಮೋಟಾರು

ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರ ಕಾರು ವರದಾ ಹೊಳೆಯ ಪೂರದಲ್ಲಿ, ಅಂದರೆ ನೆರೆಯಲ್ಲಿ, ಮುಳುಗಿ ಎದ್ದಿತ್ತು. ಸುದ್ದಿ ಬಂದ ಕೂಡಲೇ ಹೋದೆ. ನೋಡಿದರೆ ಅಂಗಳದಲ್ಲಿ ಕಾರು ಮದುವೆ ಮನೆಗೆ ಹೊರಟು ನಿಂತಿದೆ! ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಸೀಟಿಗೆ ಹೊಸ ಬಟ್ಟೆ ಹಾಸಿದ್ದರು. ಬಾಗಿಲು ತೆರೆದರೆ ಘಮ್ಮೆಂದು ಅತ್ತರಿನ ವಾಸನೆ.

"ಹಾನಿ ಎಲ್ಲಿ ಅದರಿ?" ಅಂದೆ.

"ಒಳಗೈತ್ರಿ. ಎಂಜಿನ್ ಪೂರಾ ಖಲಾಸ್. ಮ್ಯಾಲಿಂದಷ್ಟು ಸಾಫ್ ಮಾಡಿಸೇನಿ. ಮೆಹಮಾನರು ಬರ್ತಾರಂದ್ರ ಹೊಲಸು ಗಾಡಿ ತೋರ್ಸಾಕ ಆಕೈತೇನ್ರಿ?"

ಚಹಾ ಕುಡಿಸಿದರು, ಖಾರಾ ತಿನ್ನಿಸಿದರು. ಮನೆಯ ಹಿಂದೆ ಅವರ ಎಲೆಯ ತೋಟ ಉದ್ದಕ್ಕೂ ನೆಲಕ್ಕೆ ಮಲಗಿ ಕೊಳೆಯುತ್ತಿತ್ತು. ಅದರ ಮಾತನ್ನೇ ಅವರು ಎತ್ತಲಿಲ್ಲ, ತೋಟಕ್ಕೆ ವಿಮೆ ಇರಲಿಲ್ಲವಲ್ಲ. ನನಗೇ ಆ ಕಡೆ ನೋಡಲಾಗದೆ ಕಾರಿನ ಕಡೆ ತಿರುಗಿ ಕುಳಿತೆ.

ಸಾಹೇಬರು ವರದಿ ಓದಿ, ಕೆಸರೇ ಇಲ್ಲದ ಮೇಲೆ ಪೂರ ಎಲ್ಲಿಂದ ಬಂತು ಎಂದರು. ಮತ್ತೆ ಸವಣೂರಿಗೆ ಹೋಗಿ ಅದನ್ನೇ ಹೇಳಿದೆ. ವ್ಯಾಪಾರಿಗೆ ಬಹಳ ಕೆಟ್ಟದೆನಿಸಿತು.

"ಕೆಸರು ಬೇಕಂತ ಮೊದಲ ಹೇಳಬಾರದೇನ್ರಿ? ತೋಟದಾಗ ಮಣಗಟ್ಟಲೆ ಐತಿ. ಎರಡು ಚಕ್ಕಡಿ ತುಂಬಿ ನಿಮ್ಮ ಆಫೀಸಿಗೆ ಕಳಸ್ತೇನಿ, ಹೇಳ್ರಿ ಸಾಹೇಬ್ರಿಗೆ."

೨. ಯಾವ ನೀರು?

ಹಾನಗಲ್ಲಿನಲ್ಲಿ ಕೆರೆ ಕೋಡಿ ಬಿದ್ದು ವಕೀಲರೊಬ್ಬರ ಕಾರು ನಿಂತಲ್ಲೇ ಮುಳುಗಿತು. ಹೊಳೆಯ ನೀರಾದರೆ ಪೂರ, ಕೆರೆಯ ನೀರಾದರೆ ಪೂರವಲ್ಲ, ಮಳೆಯ ನೀರಾದರೆ ನೋಡೋಣ ಎಂದು ನಮ್ಮ ಸಾಹೇಬರು ತಕರಾರು ತೆಗೆದರು. ನೀರು ಯಾವುದು ಎಂದು ಖಚಿತ ಮಾಡಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ವಕೀಲರು ಎಲ್ಲವನ್ನೂ ಶಾಂತವಾಗಿ ಕೇಳಿದರು. ಎದ್ದು ಹೋಗಿ ಒಂದು ತಂಬಿಗೆಯಲ್ಲಿ ರಾಡಿ ನೀರು ತಂದು ನನ್ನ ಮುಂದಿಟ್ಟರು.

"ಮೋಟಾರಿನೊಳಗಿಂದನ ತಗದೇನಿ. ಕುಡದು ನೋಡಿ ನೀವ ಹೇಳ್ರಿ."

೩. ಎತ್ತು ಎಳೆದ ಪಾಲು

ಶಿಗ್ಗಾವಿಯಿಂದ ಬಂಕಾಪುರದ ಕಡೆ ಹೋಗುವಾಗ ಒಬ್ಬ ಗೌಡರ ಕಾರು ಹಳ್ಳಕ್ಕೆ ಬಿತ್ತು. ಅವರದೇ ಎರಡು ಜೋಡಿ ಎತ್ತು ಹೂಡಿ, ಹಗ್ಗ ಕಟ್ಟಿ ಎಳೆಸಿದರು. ಕಾರು ಮೇಲೆ ಬಂತು. ಬರುವಾಗ ಒಂದು ಎತ್ತು ಜಾರಿ ಬಿದ್ದು ಕಾಲು ಮುರಿದುಕೊಂಡಿತು.

ನಾನು ಹೋದಾಗ ಗೌಡರು ಕಾರಿನ ಹತ್ತಿರ ಇರಲಿಲ್ಲ, ಕೊಟ್ಟಿಗೆಯಲ್ಲಿ ಎತ್ತಿನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕಾರು ನೋಡಿ ಬರುತ್ತೇನೆಂದರೆ ಕೈಯಿಂದಲೇ ತೋರಿಸಿದರು. ಕೊಟ್ಟಿಗೆಯಿಂದ ಹೊರಗೆ ಬಂದು ಕಾರಿನ ಗಾಲಿ, ದೀಪ, ಬಾಗಿಲು ಎಂದು ಬರೆದುಕೊಳ್ಳಲು ನನಗೆ ನಾಚಿಕೆಯಾಯಿತು. ಸಂಬಳ ತಿನ್ನುತ್ತಿದ್ದೆನಲ್ಲ, ಬರೆದುಕೊಂಡೆ.

ಸಾಹೇಬರ ಉತ್ತರ ಬಂತು. ನೀರಿನಿಂದ ಕೆಟ್ಟಿದ್ದಕ್ಕೆ ಮಾತ್ರ ಕಂಪನಿ ಹೊಣೆ, ಎತ್ತು ಎಳೆದಾಗ ಕೆಟ್ಟಿದ್ದಕ್ಕಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ತಿಳಿಸತಕ್ಕದ್ದು. ಅದನ್ನು ತೆಗೆದುಕೊಂಡು ಹೋಗಿ ಗೌಡರಿಗೆ ಹೇಳುವಷ್ಟರಲ್ಲಿ ಎತ್ತು ಸತ್ತುಹೋಗಿತ್ತು. ಗೌಡರು ಆಳನ್ನು ಕರೆದು ಉಳಿದ ಎತ್ತುಗಳನ್ನು ಕಾರಿಗೆ ಹೂಡಿಸಿದರು.

"ಎಲ್ಲಿಗ್ರಿ ಗೌಡ್ರ?" ಅಂದೆ.

"ಹಳ್ಳಕ್ಕ. ಎಲ್ಲಿಂದ ತಂದಿದ್ವಿ ಅಲ್ಲೇ ಇಟ್ಟು ಬರ್ತೇವಿ. ನಿಮ್ಮ ಸಾಹೇಬ್ರ ನೀರಿಗಿಳದು ನೀರಿಂದು ಬ್ಯಾರೆ, ಎತ್ತಿಂದು ಬ್ಯಾರೆ ಮಾಡ್ಕೊಳ್ಳಿ."

ನಾನು ಹಗ್ಗ ಹಿಡಿದುಕೊಂಡು ಜೋತುಬಿದ್ದೆ, ಅದಕ್ಕೇ ಆ ಕಾರು ಉಳಿಯಿತು.

೪. ಕಂಪನಿ ಬರೆದುಕೊಟ್ಟ ಮಾತು

ಇದು ಹಿರೇಕೆರೂರಿನದು. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಲ್ಲಿ ಅಣ್ಣ ತಮ್ಮ ಇಬ್ಬರು ಸೇರಿ ಒಂದು ಸರ್ವಿಸ್ ಮೋಟಾರು ಇಟ್ಟಿದ್ದರು. ಹಾನಗಲ್ಲಿಗೆ ಹೋಗಿ ಬರುವ ಮೋಟಾರು. ಅಣ್ಣ ಓಡಿಸುತ್ತಿದ್ದ, ತಮ್ಮ ಟಿಕೀಟು ಕೊಡುತ್ತಿದ್ದ. ಇಬ್ಬರಿಗೂ ಲಗ್ನವಾಗಿರಲಿಲ್ಲ. ಮನೆಯಲ್ಲಿ ಅವ್ವ ಇದ್ದಳು. ಆ ಮೋಟಾರು ಬಿಟ್ಟರೆ ಮೂವರಿಗೂ ಬೇರೆ ದಾರಿ ಇರಲಿಲ್ಲ.

ಒಂದು ಮಳೆಯ ದಿನ ಹಳ್ಳದ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಅಣ್ಣ ಮಂದಿಯನ್ನೆಲ್ಲ ಈಚೆ ದಂಡೆಗೇ ಇಳಿಸಿದ, ತಮ್ಮನನ್ನೂ ಇಳಿಸಿದ. "ಖಾಲಿ ಮೋಟಾರು ದಾಟಿಸಿ ನೋಡ್ತೇನಿ, ಆಮ್ಯಾಲ ನೀವು ಬರ್ರಿ" ಅಂದ. ನಡುಹಳ್ಳದಲ್ಲಿ ನೀರು ಮೋಟಾರನ್ನು ಅಡ್ಡ ತಿರುಗಿಸಿ ಕೊಚ್ಚಿಕೊಂಡು ಹೋಯಿತು. ನೀರು ಇಳಿದ ಮೇಲೆ ಮೋಟಾರು ದೂರ ಜಾಲಿಗಿಡಗಳ ನಡುವೆ ಸಿಕ್ಕಿತು. ಅವನು ಸಿಗಲಿಲ್ಲ.

ಹುಡುಗ ಹೋದ, ದಿನಕರ್ಮ ಮಾಡಿ ಮುಗಿಸಿಬಿಡಿ ಎಂದು ಊರವರೆಲ್ಲ ಹೇಳಿದರು. ಅವ್ವ ಒಪ್ಪಲಿಲ್ಲ. "ಅವಗ ಈಸು ಬರತೈತಿ. ಎಲ್ಲೋ ದಂಡಿ ಹತ್ತಿರತಾನ. ಹೆಣ ನೋಡದ ನಾ ಹೆಂಗ ಅಳ್ಲಿ?" ಎಂದಳು. ದಿನವೂ ಅವನ ಪಾಲಿನ ರೊಟ್ಟಿ ಬಡಿದು ಮುಚ್ಚಿಡುತ್ತಿದ್ದಳು.

ನಾನು ಮೋಟಾರು ಪೂರಾ ಹಾಳಾಗಿದೆ ಎಂದು ವರದಿ ಬರೆದೆ. ಸಾಹೇಬರು ಓದಿದರು.

"ಘಟನೆ ಹೇಗಾಯಿತೆಂದು ಡ್ರೈವರನ ಹೇಳಿಕೆ ಎಲ್ಲಿ?"

"ಡ್ರೈವರ ತೀರಿಕೊಂಡಿದ್ದಾನೆ, ಸಾಹೇಬರೇ."

"ಹೆಣ ಸಿಕ್ಕಿತೇ?"

"ಇಲ್ಲ."

"ಹಾಗಾದರೆ ಬದುಕಿದ್ದಾನೆ. ಬೇಕೆಂದೇ ಮುಳುಗಿಸಿ ಓಡಿಹೋಗಿರಬಹುದು. ಬಂದು ಹೇಳಿಕೆ ಕೊಡಲಿ, ಆಮೇಲೆ ನೋಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ವಾದಿಸಿದರೂ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಕಾಗದ ಬರೆಸಿ, ಸಹಿ ಹಾಕಿ, ನೀನೇ ಹೋಗಿ ತಿಳಿಸಿ ಹೇಳು ಎಂದು ನನ್ನ ಕೈಗೇ ಕೊಟ್ಟರು.

ನಾನು ಹೋದಾಗ ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತಮ್ಮನನ್ನು ಬದಿಗೆ ಕರೆದು ಹೇಳೋಣವೆಂದುಕೊಂಡೆ. ಅವಳು ಬಿಡಲಿಲ್ಲ.

"ಏನೈತಿ ನನ್ನ ಮುಂದನ ಹೇಳ್ರಿ."

"ಕಂಪನಿಯವರು ಏನಂತಾರಂದ್ರ... ನಿಮ್ಮ ಮಗ ಬದುಕ್ಯಾನ ಅಂತಾರವ್ವಾ."

ಮುಂದಿನ ಮಾತು ನನ್ನ ಬಾಯಲ್ಲೇ ಉಳಿಯಿತು. ಮೊರ ಕೆಳಗಿಟ್ಟು ಅವಳು ಎದ್ದು ನಿಂತಿದ್ದಳು.

"ಯಾರಂದ್ರು?"

"ನಮ್ಮ ಸಾಹೇಬ್ರು."

"ಬರದು ಕೊಟ್ಟಾರ?"

ಕಾಗದ ತೋರಿಸಿದೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಓಣಿಗೆಲ್ಲ ಕೇಳುವಂತೆ ಕೂಗಿದಳು: "ಬರ್ರವಾ, ಕೇಳ್ರಿಲ್ಲಿ! ನೀವೆಲ್ಲಾ ಸತ್ತಾನ ಸತ್ತಾನ ಅಂದ್ರಿ. ಅಷ್ಟು ದೊಡ್ಡ ಕಂಪನಿ ಸಹಿ ಮಾಡಿ ಕೊಟ್ಟೈತಿ, ಬದುಕ್ಯಾನ ಅಂತ. ಕಂಪನಿ ಸುಳ್ಳು ಬರೀತೈತೇನು?"

ತಮ್ಮ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಅವಳು ಅವತ್ತು ಹೋಳಿಗೆ ಮಾಡಿದಳು. ಎದುರಿಗೆ ಕುಳಿತು, ಸಾಹೇಬರು ನೂರು ವರ್ಷ ಬಾಳಲಿ ಎಂದು ಹರಸುತ್ತ ನನಗೆ ಬಡಿಸಿದಳು. ಒಂದೊಂದು ತುತ್ತನ್ನೂ ನೀರು ಕುಡಿದೇ ನುಂಗಿದೆ. ಹೊರಡುವಾಗ ಒಂದು ಬುತ್ತಿಗಂಟು ಕೊಟ್ಟಳು. ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಕಂಬಳಿ.

"ಸಾಹೇಬ್ರ ಕೈಯಾಗ ಕೊಡ್ರಿ. ಅವ ಎಲ್ಲಿ ಅದಾನ ಅನ್ನೂದು ಅವರಿಗೆ ಗೊತ್ತಿರತೈತಿ, ಮುಟ್ಟಸ್ತಾರ."

ತಮ್ಮ ರಸ್ತೆಯವರೆಗೆ ಬಂದ. "ವಿಮಾದ್ದು ಕೈಬಿಡ್ರಿ ಸಾಹೇಬ್ರ," ಅಂದ. "ಅದು ಬಂತಂದ್ರ ಅಣ್ಣ ಸತ್ತ ಅಂತ ಆಕೈತಿ. ಅವ್ವ ಉಳಿಯೂದಿಲ್ಲ." ಕೈಬಿಟ್ಟರೆ ಹೊಟ್ಟೆಗೇನು ಮಾಡುತ್ತೀಯ ಎಂದು ಕೇಳಿದೆ. ಅವನು ಮನೆಯ ಕಡೆ ತಿರುಗಿ ನಡೆದ.

ಹುಬ್ಬಳ್ಳಿಗೆ ಬಂದು ಗಂಟನ್ನು ಸಾಹೇಬರ ಮೇಜಿನ ಮೇಲಿಟ್ಟೆ.

"ಏನಿದು?"

"ಡ್ರೈವರನಿಗೆ ಅವನ ತಾಯಿ ಕಟ್ಟಿದ ಬುತ್ತಿ. ಬದುಕಿದ್ದಾನೆಂದು ಬರೆದವರು ನೀವು, ನೀವೇ ಮುಟ್ಟಿಸಬೇಕಂತೆ."

ಸಾಹೇಬರು ಜೋರಾಗಿ ನಕ್ಕರು. ನಗುತ್ತಲೇ ಗಂಟು ಬಿಚ್ಚಿದರು. ರೊಟ್ಟಿಯನ್ನೂ ಕಂಬಳಿಯನ್ನೂ ನೋಡಿ ನಗು ನಿಂತಿತು. ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಸಂಜೆ ನನ್ನನ್ನು ಕರೆದು, ತಕರಾರಿಲ್ಲ, ಕೊಟ್ಟುಬಿಡಿ ಎಂದು ಬರೆದ ವರದಿಯನ್ನು ಕೈಗಿತ್ತರು. ಮುಖ ಮೇಲೆತ್ತಲಿಲ್ಲ.

ಅವ್ವನಿಗೆ ಗೊತ್ತಾಗಬಾರದೆಂದು ತಮ್ಮನನ್ನು ಹುಬ್ಬಳ್ಳಿಗೇ ಕರೆಸಿ ವಿಮೆಯ ಹಣ ಕೊಟ್ಟೆ. ಅವನು ಅಲ್ಲಿಯೇ ಒಂದು ಹಳೆಯ ಮೋಟಾರು ಕೊಂಡು ಊರಿಗೆ ಒಯ್ದ. ಅವ್ವನಿಗೆ ಏನು ಹೇಳುವುದು? "ಅಣ್ಣ ಕಂಪನ್ಯಾಗ ನೌಕರಿ ಹಿಡದಾನ, ಮೋಟಾರು ಅವನ ಕಳಸ್ಯಾನ ಅಂತ ಹೇಳ್ತೇನ್ರಿ. ನೀವೂ ಹಂಗ ಅನ್ರಿ" ಎಂದು ನನಗೆ ಕೈಮುಗಿದ. ಹ್ಞೂಂ ಅಂದೆ. ಮತ್ತೇನು ಅನ್ನಲಿ?

ಮುಂದೆ ಬೇರೆ ಕೆಲಸಕ್ಕೆಂದು ಹಿರೇಕೆರೂರಿಗೆ ಹೋದಾಗ ನಾನು ಇಳಿದದ್ದೂ ಅದೇ ಮೋಟಾರಿನಿಂದ. ಅವ್ವ ಕಿರಿಯ ಮಗನಿಗೆ ಊಟ ತಂದು ಅಲ್ಲೇ ನಿಂತಿದ್ದಳು. ನನ್ನನ್ನು ನೋಡಿದ್ದೇ ಸೆರಗು ಬಿಗಿದುಕೊಂಡು ಜಗಳಕ್ಕೇ ಬಂದಳು.

"ಮೋಟಾರು ಕಳಿಸಿದ್ದು ಛಲೋ ಆತ್ರಿ. ಆದ್ರ ಎಂಥಾ ಕಂಪನೀರಿ ನಿಮ್ಮದು? ಹೆತ್ತವ್ವನ ಮಾರಿ ನೋಡಾಕ ಒಂದು ದಿನ ರಜಾ ಕೊಡಂಗಿಲ್ಲ?"

ಸುತ್ತ ನಿಂತ ಮಂದಿಗೆಲ್ಲ ನಿಜ ಗೊತ್ತಿತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ.

"ಸಾಹೇಬ್ರಿಗೆ ಹೇಳ್ತೇನವ್ವಾ" ಅಂದೆ.

"ಹೇಳ್ರಿ. ಬಂದು ಒಂದು ಹೊತ್ತು ಉಂಡು ಹೋಗಲಿ ಸಾಕು. ಬೇಕಂದ್ರ ಆ ದಿನದ ಪಗಾರ ಕಡಕೊಳ್ಳಿ!"